ಹಳೇ ಬ್ರಯರ್ ಪೈಪನ್ನು ಕುದಿಸಬೇಡಿ

ದಾವಣಗೆರೆಯಲ್ಲಿ ಹಳೇ ವಸ್ತು ಸಂಗ್ರಹಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ತಂಬಾಕು ಸೇದುವ ಬ್ರಯರ್ ಪೈಪ್ ಗುಲಾಬಿ ಬೇರಿನದಂತೆ, ಹುಣಸೆಹಣ್ಣು ಹಾಕಿ ಅರ್ಧ ಗಂಟೆ ಕುದಿಸಿದರೆ ಹೊಸದರಂತಾಗುತ್ತದಂತೆ. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ನಷ್ಟವೇನಿಲ್ಲ, ಎರಡನೆಯದನ್ನು ನಂಬಿದರೆ ಪೈಪಿನ ಕಥೆ ಮುಗಿದಂತೆ.

ಬ್ರಯರ್ ಎಂದರೆ ಮೆಡಿಟರೇನಿಯನ್ ಸೀಮೆಯ ಎರಿಕಾ ಅರ್ಬೋರಿಯಾ ಗಿಡದ ಬುಡದಲ್ಲಿ ಬೆಳೆಯುವ ಗಟ್ಟಿ ಗಂಟು. ಹಸಿ ಗಂಟನ್ನು ತುಂಡು ಮಾಡಿ, ಗಂಟೆಗಟ್ಟಲೆ ಬೇಯಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುವುದು ನಿಜ. ಆದರೆ ಅದು ಪೈಪ್ ಕೊರೆಯುವ ಮೊದಲಿನ ಕೆಲಸ. ತಯಾರಾದ ಪೈಪನ್ನು ಮತ್ತೆ ಬೇಯಿಸಿದರೆ ಬಣ್ಣ, ಮೇಣ ಎರಡೂ ಹೋಗುತ್ತವೆ, ಮರ ಬಿರುಕು ಬಿಡಬಹುದು.

ಇನ್ನೂ ಬೇಗ ಕೆಡುವುದು ಬಾಯಿಗಿಡುವ ಕರಿ ಕೊಳವೆ. ಹಳೆಯ ಪೈಪುಗಳಲ್ಲಿ ಅದು ಹೆಚ್ಚಾಗಿ ವಲ್ಕನೈಟ್, ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು ಬಿದ್ದು ಬಿದ್ದು ಹಸಿರುಗಂದು ಬಣ್ಣಕ್ಕೆ ತಿರುಗಿರುತ್ತದೆ. ಬಿಸಿನೀರಿಗೆ ಹಾಕಿದರೆ ಬಣ್ಣ ಮತ್ತಷ್ಟು ಕೆಡುತ್ತದೆ, ಕೊಳವೆ ಮೆತ್ತಗಾಗಿ ಡೊಂಕೂ ಆಗುತ್ತದೆ. ಕೊಳವೆಯನ್ನು ಬಿಡಿಸಿಕೊಂಡು, ತಣ್ಣೀರು ಹಚ್ಚಿದ ನಯವಾದ ಸ್ಯಾಂಡ್‌ಪೇಪರಿನಿಂದ, 600 ನಂಬರಿನಿಂದ ಶುರುಮಾಡಿ ಇನ್ನೂ ನಯವಾದ 2000 ನಂಬರಿನವರೆಗೆ, ತಾಳ್ಮೆಯಿಂದ ಉಜ್ಜಿ. ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ, ಕಂದು ನೀರು ಇಳಿಯುತ್ತದೆ, ಆಮೇಲೆ ಕಪ್ಪು ಹೊಳಪು ಬರುತ್ತದೆ. ತಂಬಾಕು ತುಂಬುವ ಬಟ್ಟಲಿನೊಳಗಿನ ಮಸಿಯನ್ನು ಪೂರ್ತಿ ಕೆರೆಯಬೇಡಿ, ತೆಳುವಾಗಿ ಉಳಿಸಿ. ಹೊಗೆದಾರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ಸಾಕು.

(ಇದು ಶೋಕೇಸಿನಲ್ಲಿಡುವವರಿಗೆ ಹೇಳಿದ್ದು, ಸೇದುವವರಿಗಲ್ಲ.) ಹುಣಸೆಹಣ್ಣನ್ನು ಸಾರಿಗೇ ಬಿಡಿ.