ಝಡ್ ಸ್ಕೇಲ್: ಎಂಜಿನ್ ಆಮೇಲೆ, ವೋಲ್ಟೇಜ್ ಮೊದಲು

ಮೈಸೂರಿನ ಮಾಡೆಲ್ ರೈಲು ಗೆಳೆಯರಲ್ಲಿ ಝಡ್ ಸ್ಕೇಲ್ (ತೀರಾ ಪುಟ್ಟ ಮಾಡೆಲ್ ರೈಲಿನ ಅಳತೆ) ಶುರು ಮಾಡುವವರು ಜರ್ಮನಿಯ ಮಾರ್ಕ್ಲಿನ್ ಕಂಪನಿ ಒಳ್ಳೇದೋ ಜಪಾನಿನ ರೊಕುಹಾನ್ ಒಳ್ಳೇದೋ ಎಂದೇ ಕೇಳ್ತಾರೆ. ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದ್ದು ಹಳಿಗೆ ಬಿಡುವ ವೋಲ್ಟೇಜ್.

1:220 ಅಳತೆ, 6.5 ಮಿ.ಮೀ. ಹಳಿ. 1972ರಲ್ಲಿ ಇದನ್ನು ತಂದ ಮಾರ್ಕ್ಲಿನ್‌ನ ಹಳೇ ಎಂಜಿನ್‌ಗಳು 8 ವೋಲ್ಟ್‌ಗೆ, ಈಚಿನವು 10ಕ್ಕೆ. ಇದಕ್ಕಿಂತ ದೊಡ್ಡದಾದ ಎನ್ ಸ್ಕೇಲ್‌ನ (1:160) 12 ವೋಲ್ಟ್ ಕಂಟ್ರೋಲರ್ ಹಾಕಿ ಪೂರ್ತಿ ತಿರುಗಿಸಿದರೆ ಮೋಟಾರ್ ಬಿಸಿಯಾಗುತ್ತೆ, ಬ್ರಷ್ ಬೇಗ ಸವೆಯುತ್ತೆ.

ಹಳಿಗೆ ನನ್ನ ಮತ ರೊಕುಹಾನ್‌ಗೆ. ಜಲ್ಲಿ ಹಾಸು ಜೊತೆಗೇ ಬರುತ್ತೆ, ಪಾಯಿಂಟ್ ಮೋಟಾರ್ (ರೈಲಿನ ದಾರಿ ಬದಲಿಸುವ ಹಳಿಯನ್ನು ತಿರುಗಿಸುವುದು) ಅದರೊಳಗೇ ಅಡಗಿರುತ್ತೆ, ಊಟದ ಮೇಜಿನ ಮೇಲೆ ಜೋಡಿಸಿ ಬಿಚ್ಚಿಡುವವರಿಗೆ ಅನುಕೂಲ. ಯಾರದ್ದೇ ಹಳಿ ಆದರೂ ಹಳಿ ಕೂಡಿಸುವ ಜಾಯಿನರ್ ಸಡಿಲ ಆದರೆ ಅಲ್ಲಿ ವೋಲ್ಟೇಜ್ ಇಳಿಯುತ್ತೆ. ಪ್ರತಿ ಮೀಟರ್ ಹಳಿಗೆ ಒಂದು ಫೀಡರ್ ವೈರ್ (ಕರೆಂಟ್ ಕೊಡುವ ತಂತಿ) ಕೊಡಿ. 145 ಮಿ.ಮೀ. ತ್ರಿಜ್ಯದ ತಿರುವು ಬೇಡ, 195ಕ್ಕಿಂತ ಕಡಿಮೆ ಇಳೀಬೇಡಿ. ಅಮೆರಿಕದ ಎಝಡ್‌ಎಲ್ ಕಂಪನಿಯ ಉದ್ದನೆ ಬೋಗಿಗೆ ಅದೂ ಬಿಗಿಯೇ. ಅವರ ಕಪ್ಲರ್ (ಬೋಗಿ ಜೋಡಿಸುವ ಕೊಂಡಿ) ಮೈಕ್ರೋ-ಟ್ರೈನ್ಸ್ ಕಂಪನಿಯದರ ಜೊತೆ ಕೂಡುತ್ತೆ, ಮಾರ್ಕ್ಲಿನ್ ಕೊಕ್ಕೆ ಜೊತೆ ಕೂಡಲ್ಲ.

ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂ ನೋಡಿ ನಮ್ಮೂರಿನ ಹಳೇ ಮೀಟರ್ ಗೇಜ್ ಮಾಡಬೇಕು ಅನ್ನಿಸಿದವರಿಗೆ ಇದೇ ಹಳಿ ಸಾಕು: 1,000 ಮಿ.ಮೀ.ಯನ್ನು 160ರಿಂದ ಭಾಗಿಸಿದರೆ 6.25, ನಮ್ಮ 6.5ಕ್ಕೆ ಹತ್ತಿರ. ಅಂದರೆ ಝಡ್ ಚಾಸಿ ಮೇಲೆ 1:160ರ ಬಾಡಿ ಕೂರಿಸಬಹುದು.

ಇನ್ನು ಕಂಟ್ರೋಲ್. ಕಂಪನಿಗೊಂದು ಡಿಜಿಟಲ್ ಭಾಷೆ ಇದ್ದರೆ ನಾವು ಅವರ ಕೈಗೆ ಸಿಕ್ಕಿಬಿದ್ದ ಹಾಗೆ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಳಿ ಮೂಲಕವೇ ಒಂದೊಂದು ಎಂಜಿನ್‌ಗೂ ಆದೇಶ ಕಳಿಸುವ ಪದ್ಧತಿ) ಯಾರೂ ಬಳಸಬಹುದಾದ ಮಾನದಂಡ, ಅದನ್ನೇ ಹಿಡೀರಿ. ದೊಡ್ಡ ಅಳತೆಯಾದ ಎಚ್‌ಒಗೆಂದು (1:87) ಮಾಡಿದ ಬೂಸ್ಟರ್‌ಗಳಲ್ಲಿ (ಹಳಿಗೆ ಡಿಸಿಸಿ ಕರೆಂಟ್ ಬಿಡುವ ಪೆಟ್ಟಿಗೆ) 14–16 ವೋಲ್ಟ್ ಮಾಮೂಲು, ಝಡ್‌ಗೆ ಅದು ಜಾಸ್ತಿ. ಅಗ್ಗದ, ಒಳ್ಳೇ ದಾರಿ ಎಂದರೆ ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಕೂರುವ ಎಲ್298 ಚಿಪ್‌ನ ಮೋಟಾರ್ ಶೀಲ್ಡ್, ಡಿಸಿಸಿ-ಇಎಕ್ಸ್ ತಂತ್ರಾಂಶ. ಎಲ್298 ಸುಮಾರು 2 ವೋಲ್ಟ್ ತಾನೇ ನುಂಗುತ್ತೆ. ಬೇರೆ ಕಡೆ ಅದು ದೋಷ, ಇಲ್ಲಿ ಲಾಭ: 12 ವೋಲ್ಟ್ ಅಡಾಪ್ಟರ್‌ಗೆ ಹಳಿಯಲ್ಲಿ 10ರ ಆಸುಪಾಸು ಸಿಗುತ್ತೆ. ಇದನ್ನು ಮಲ್ಟಿಮೀಟರ್‌ನ ಎಸಿ ರೇಂಜಿನಲ್ಲಿ ನೋಡಿ; ಡಿಸಿ ರೇಂಜಿನಲ್ಲಿ ಸೊನ್ನೆ ಹತ್ತಿರ ತೋರಿಸುತ್ತೆ.

ಡಿಕೋಡರ್ (ಎಂಜಿನ್ ಒಳಗೆ ಕೂತು ಡಿಸಿಸಿ ಆದೇಶ ಓದಿ ಮೋಟಾರ್ ಓಡಿಸುವ ಪುಟ್ಟ ಬೋರ್ಡ್) ಹಾಕುವಾಗಲೇ ಹೆಚ್ಚು ಹಾಳಾಗೋದು. ಮೋಟಾರ್‌ನ ಎರಡೂ ತುದಿ ಚಾಸಿಗೂ ಚಕ್ರಕ್ಕೂ ತಾಗಬಾರದು. ಬೆಸುಗೆಗೆ ಮುಂಚೆ ಮಲ್ಟಿಮೀಟರ್‌ನಲ್ಲಿ ಬೀಪ್ ಟೆಸ್ಟ್ (ತಾಗಿದ್ದರೆ ಬೀಪ್ ಅನ್ನುತ್ತೆ) ಮಾಡಿ, ಆಮೇಲೂ ಮಾಡಿ. ಒಂದು ತುದಿ ತಾಗಿದ್ದರೂ ಡಿಕೋಡರ್ ಸುಟ್ಟ ಹಾಗೇ. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿ ಮೇಲೆ ಇಡಲೇಬೇಡಿ, ಅದರಲ್ಲೂ ಕೋರ್‌ಲೆಸ್ ಮೋಟಾರ್ (ಒಳಗೆ ಕಬ್ಬಿಣದ ತಿರುಳಿಲ್ಲದ್ದು) ಇರೋದನ್ನ; ಗುಂಯ್ ಅನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತೆ. ಹೊಸದಾಗಿ ಡಿಕೋಡರ್ ಹಾಕಿದ್ದನ್ನು ನೇರ ಓಡಿಸದೆ ಮೊದಲು ಪ್ರೋಗ್ರಾಮಿಂಗ್ ಹಳಿಗೆ (ಡಿಕೋಡರ್ ಸೆಟ್ ಮಾಡಲು ಬೇರೆ ಇಡುವ ಹಳಿ) ಇಟ್ಟು ಸಿವಿ1, ಅಂದರೆ ಡಿಕೋಡರ್‌ನ ವಿಳಾಸ, ಓದಿಸಿ. ಅಲ್ಲಿ ಕರೆಂಟಿಗೆ ಮಿತಿ ಇರುತ್ತೆ, ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಂಭವ ಹೆಚ್ಚು. ವಿಳಾಸ ಓದಲು ಬಾರದಿದ್ದರೆ ಚಕ್ರದ ಕೊಳೆಯನ್ನೂ ಮೋಟಾರ್ ವೈರನ್ನೂ ನೋಡಿ, ಆಮೇಲೆ ಡಿಕೋಡರ್ ಮೇಲೆ ಅನುಮಾನ ಪಡಿ.