ಸಂತೋಷದ ಐದನೇ ರಹಸ್ಯ

ಮಕ್ಕಳನ್ನು ಭಕ್ತಿಯಲ್ಲಿ ಬೆಳೆಸುವುದು ಹೇಗೆ ಅಂತ ಚರ್ಚಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಆ ಮಕ್ಕಳ ಅಪ್ಪ ಅಮ್ಮನನ್ನು ಬಿಟ್ಟು. ಭಾನುವಾರ ಪೂಜೆಯ ನಡುವೆ ನಮ್ಮ ಸಣ್ಣವನು ಬೆಂಚಿನ ಕೆಳಗೆ ತೂರಿದರೆ ಸಾಕು, ಹಿಂದಿನಿಂದ ಒಂದು ಕೆಮ್ಮು ಬರುತ್ತದೆ. ಚಿಕ್ಕಮಗಳೂರಿನ ಚಳಿಗೆ ಬರುವ ಕೆಮ್ಮಲ್ಲ ಅದು. ‘ನಮ್ಮ ಮಕ್ಕಳು ಹೀಗಿರಲಿಲ್ಲ’ ಎಂಬ ಕೆಮ್ಮು. ಪೂಜೆ ಮುಗಿದ ಮೇಲೆ ಕೆಮ್ಮಿದವರೇ ಹತ್ತಿರ ಬಂದು, ಅವನ ಕೆನ್ನೆ ಹಿಂಡಿ, “ಮನೇಲಿ ಜಪಸರ ಮಾಡಿಸ್ತೀಯಲ್ವಾಮ್ಮ?” ಅಂತ ವಿಚಾರಿಸುತ್ತಾರೆ.

ಮಾಡಿಸುತ್ತೇವೆ. ಜಪಸರ ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ. ಹತ್ತತ್ತು ಮಣಿಗೆ ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ನೆನೆಯುತ್ತೇವೆ, ಅದಕ್ಕೆ ‘ರಹಸ್ಯ’ ಅನ್ನುತ್ತೇವೆ. ಇದರ ಉಸ್ತುವಾರಿ ಅತ್ತೆಯದು. ರಾತ್ರಿ ಊಟಕ್ಕೆ ಮೊದಲು ಚಾಪೆ ಹಾಸಿ, ಮೇಣದಬತ್ತಿ ಹಚ್ಚಿ, ಟಿವಿ ರಿಮೋಟನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಮೂರನೇ ರಹಸ್ಯದ ಹೊತ್ತಿಗೆ ಅವರಿಗೆ ತೂಕಡಿಕೆ ಶುರು. ದೊಡ್ಡವಳು ಅದೇ ಸಮಯ ನೋಡಿ ಒಂದೇ ಏಟಿಗೆ ನಾಲ್ಕು ಮಣಿ ದಾಟಿಸುತ್ತಾಳೆ. ಅತ್ತೆ ಕಣ್ಣು ಬಿಡದೆ, “ಇನ್ನೂ ಆರನೇದು” ಅನ್ನುತ್ತಾರೆ. ನಿದ್ದೆಯಲ್ಲೂ ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ.

ಸಣ್ಣವನ ತಕರಾರು ಬೇರೆ. “ಒಂದು ಜಪಸರದಲ್ಲಿ ಐವತ್ಮೂರು ನಮೋ ಮರಿಯಾ. ನಾನು ಐಸ್‌ಕ್ರೀಂ ಎರಡನೇ ಸಲ ಕೇಳಿದ್ರೆ ನೀನು ಬೈತೀಯ. ಮಾತೆ ಮರಿಯಮ್ಮನವರು ಬೈಯಲ್ವಾ?” ಧರ್ಮೋಪದೇಶದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಮ್ಮವರ ಕಡೆ ನೋಡಿದೆ. ಅವರು ತಕ್ಷಣ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡರು.

ನಮ್ಮವರು ರಸ್ತೆ ಕಂಟ್ರಾಕ್ಟರೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾರೆ. ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಟೆಂಡರ್, ಬಿಲ್ಲು, ಪರಿಹಾರ ಇದೇ ಮಾತು. ಹುಡುಗನ ಕಿವಿಗೆ ಶುಭಸಂದೇಶಕ್ಕಿಂತ ಜಾಸ್ತಿ ಬಿದ್ದಿರುವುದು ಅದೇ. ಒಮ್ಮೆ ಮಳೆಗಾಲ ಮುಗಿದ ಮೇಲೆ ಹಾಸನದ ಹತ್ತಿರ ಶೆಟ್ಟಿಹಳ್ಳಿಗೆ ಹೋಗಿದ್ದೆವು. ಫ್ರೆಂಚ್ ಪಾದ್ರಿಗಳು 1860ರ ಆಸುಪಾಸಿನಲ್ಲಿ ಕಟ್ಟಿಸಿದ ಇಗರ್ಜಿ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರಿನವರು ಎದ್ದು ಹೋದರು, ಇಗರ್ಜಿ ನೀರಲ್ಲಿ ನಿಂತಿತು. ಅವತ್ತು ಕಮಾನುಗಳ ಅರ್ಧದವರೆಗೂ ನೀರು. ಈ ಹಳೆಯವರ ನಂಬಿಕೆಯ ಬಗ್ಗೆ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳೋಣ ಅಂತ ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವನು ಕೇಳಿದ:

“ಮುಳುಗಡೆಯಲ್ಲಿ ದೇವರಿಗೆ ಎಷ್ಟು ಪರಿಹಾರ ಸಿಕ್ತು?”

ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ದೊಡ್ಡವಳು ಹಾಗಲ್ಲ, ಶಿಸ್ತಿನ ಹುಡುಗಿ. ಪ್ರಥಮ ಪರಮಪ್ರಸಾದಕ್ಕೆ ಮುಂಚೆ ಪಾಪನಿವೇದನೆ ಮಾಡಬೇಕಲ್ಲ, ಅದಕ್ಕೆ ಪಾಪಗಳನ್ನೆಲ್ಲ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡಿದ್ದಳು. ಹಾಳೆ ಮನೆಯಲ್ಲೇ ಉಳಿಯಿತು. ಸಾಲಿನಲ್ಲಿ ನಿಂತಾಗ ಅಳು ಬಂತು. “ಮಮ್ಮಿ, ಒಂದೂ ನೆನಪಾಗ್ತಿಲ್ಲ.” ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳುತ್ತಾ ಹೋದೆ. ತಮ್ಮನ ಪೆನ್ಸಿಲ್ ಮುರಿದದ್ದು, ಗಣಿತದ ಟೆಸ್ಟ್ ಪೇಪರ್ ಫ್ರಿಜ್ ಹಿಂದೆ ಬಚ್ಚಿಟ್ಟದ್ದು, ಅಜ್ಜಿಯ ಹಲ್ಲಿನ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದ್ದು. ಒಂದಕ್ಕೊಂದು ನೆನಪಾಗಿ ಬರುತ್ತಲೇ ಇದ್ದವು. ಮುಂದೆ ನಿಂತಿದ್ದ ಆಂಟಿ ನಿಧಾನಕ್ಕೆ ತಿರುಗಿ ಕೇಳಿದರು, “ಅವಳದ್ದು ಇಷ್ಟು ಚೆನ್ನಾಗಿ ನೆನಪಿದೆಯಲ್ಲ, ನಿಂದೂ ಹೀಗೇ ನೆನಪಿದೆಯಾ ಮಗಳೇ?”

ಇಂಥದ್ದೆಲ್ಲ ಆದಾಗ ನಾನು ಬೈಬಲ್ ತೆಗೆದು ಕೂರುತ್ತೇನೆ. ಭಕ್ತಿಗಿಂತ ಜಾಸ್ತಿ, ಸಮಾಧಾನಕ್ಕೆ. ಅದರೊಳಗಿನ ಅಪ್ಪ ಅಮ್ಮಂದಿರನ್ನು ಸುಮ್ನೆ ಒಮ್ಮೆ ನೋಡಿ. ಇಸಾಕನಿಗೆ ದೊಡ್ಡ ಮಗ ಇಷ್ಟ, ಕಾರಣ ಅವನು ತರುತ್ತಿದ್ದ ಬೇಟೆ ಮಾಂಸ. ರೆಬೆಕ್ಕಳಿಗೆ ಚಿಕ್ಕವನು ಇಷ್ಟ. ಅವನಿಗೋಸ್ಕರ ಕಣ್ಣು ಕಾಣದ ಗಂಡನಿಗೇ ಟೋಪಿ ಹಾಕಿದಳು. ಆ ಚಿಕ್ಕವನೇ ಯಕೋಬ. ಅವನು ಮುಂದೆ ಹನ್ನೆರಡು ಗಂಡುಮಕ್ಕಳ ತಂದೆಯಾಗಿ ಒಬ್ಬನಿಗೆ ಮಾತ್ರ ಚಂದದ ನಿಲುವಂಗಿ ಮಾಡಿಸಿಕೊಟ್ಟ. ಕ್ರಿಸ್ಮಸ್ಸಿಗೆ ಎಲ್ಲ ಮಕ್ಕಳಿಗೂ ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿಸುತ್ತಿದ್ದ ನಮ್ಮಪ್ಪನಿಗೆ ಅವನಿಗಿಂತ ಬುದ್ಧಿ ಇತ್ತು. ಇನ್ನು ಏಲಿ, ಸಮುವೇಲ, ದಾವೀದ ಯಾರ ಮನೆಯ ಕಥೆ ತೆಗೆದರೂ ಮಕ್ಕಳದೇ ರಗಳೆ. ಇವರಲ್ಲಿ ಯಾರೇ ಇವತ್ತು ನಮ್ಮ ಚರ್ಚಿಗೆ ಬಂದು ಕೂತರೂ ಹಿಂದಿನಿಂದ ಕೆಮ್ಮು ಗ್ಯಾರಂಟಿ.

ಇದಕ್ಕೆಲ್ಲ ಕಿರೀಟ ಇಟ್ಟ ಹಾಗಿರುವುದು ಸೋಮವಾರ, ಶನಿವಾರ ನಾವು ಹೇಳುವ ಸಂತೋಷದ ಐದನೇ ರಹಸ್ಯ. ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿದ್ದ ಮರಿಯಮ್ಮನವರೂ ಜೋಸೆಫರೂ ಊರಿಗೆ ಹೊರಟರು. ಹನ್ನೆರಡು ವರ್ಷದ ಮಗ ನೆಂಟರಿಷ್ಟರ ಜೊತೆ ಇರಬಹುದು ಅಂದುಕೊಂಡು ಒಂದು ದಿನದ ದಾರಿ ನಡೆದೇ ಬಿಟ್ಟರು. ಮಗ ಸಿಕ್ಕಿದ್ದು ಮೂರು ದಿನದ ಮೇಲೆ. ಸಿಕ್ಕವನು ‘ನನ್ನನ್ನು ಯಾಕೆ ಹುಡುಕಿದಿರಿ? ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕೆಂದು ಗೊತ್ತಿರಲಿಲ್ಲವೇ?’ ಅಂತ ಅವರನ್ನೇ ಕೇಳಿದ. ಶುಭಸಂದೇಶ ಬರೆದ ಲೂಕ ಇದನ್ನು ಒಂದು ಚೂರೂ ಮುಚ್ಚಿಡದೆ ಬರೆದಿದ್ದಾನೆ. ದೇವರ ಮಗನೇ ತಪ್ಪಿಸಿಕೊಂಡನೆಂದ ಮೇಲೆ, ರಸ್ತೆ ಕಂಟ್ರಾಕ್ಟರ್ ಗುಮಾಸ್ತನ ಮಗನ ಗತಿ ಏನು?

ಈ ರಹಸ್ಯ ನಮ್ಮ ಮನೆಯಲ್ಲೂ ನಡೆದಿದೆ. ನಮ್ಮವರ ಕಡೆಯ ಊರಿನ ಚರ್ಚಿನ ಹಬ್ಬ. ರಾತ್ರಿ ತೇರು, ಬ್ಯಾಂಡು, ನೂಕುನುಗ್ಗಲು. ಸಣ್ಣವನು ಅಪ್ಪನ ಜೊತೆ ಇದ್ದಾನೆ ಅಂತ ನಾನು, ನನ್ನ ಜೊತೆ ಇದ್ದಾನೆ ಅಂತ ಅವರು. ತೇರು ವಾಪಸ್ ಬಂದಾಗ ಇಬ್ಬರೂ ಎದುರಾದೆವು, ಇಬ್ಬರ ಕೈಯೂ ಖಾಲಿ. ಮೈಕಿನಲ್ಲಿ ಹೆಸರು ಕೂಗಿಸಿದ್ದಾಯಿತು. ಅತ್ತೆ ಕಳೆದ ವಸ್ತು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಕ್ಯಾಂಡಲ್ ಹರಕೆ ಹೊತ್ತರು. ಬಾಲಯೇಸು ದೇವಾಲಯದಲ್ಲಿ ಪಂಡಿತರ ನಡುವೆ ಕೂತಿದ್ದ. ನಮ್ಮವನು ಶಾಮಿಯಾನದ ಹಿಂದೆ ಅಡುಗೆಯವರ ನಡುವೆ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಿದ್ದ. ಕೈಯಲ್ಲಿ ಕೋಳಿ ಕಾಲು. ಮೂಗಿನ ಮೇಲೊಂದು ಅನ್ನದ ಅಗುಳು.

“ಎಲ್ಲೆಲ್ಲಿ ಹುಡುಕಬೇಕೋ ನಿನ್ನ!” ಅಂದೆ, ಅಳುತ್ತಾ.

“ಯಾಕೆ ಹುಡುಕಿದ್ರಿ? ಬಿರಿಯಾನಿ ಇಲ್ಲೇ ಇದೆಯಲ್ಲ.”

ಕೂಡಲೇ ಅತ್ತೆ, “ಲೂಕನಲ್ಲೂ ಹೆಚ್ಚುಕಡಿಮೆ ಇದೇ ಉತ್ತರ” ಅಂದುಬಿಟ್ಟರು. ಅವರ ಬಾಯಿಂದ ಆ ಮಾತು ಬಂದದ್ದೇ ನನಗೆ ದೊಡ್ಡ ಬಲ. ಸಂತ ಮೋನಿಕಮ್ಮನ ಹೆಸರು ಎತ್ತುತ್ತಾರೇನೋ ಅಂತ ಹೆದರಿದ್ದೆ. ಮುಂದೆ ದೊಡ್ಡ ಸಂತನಾದ ಮಗ ಅಗಸ್ಟೀನನಿಗೋಸ್ಕರ ವರ್ಷಗಟ್ಟಲೆ ಕಣ್ಣೀರು ಹಾಕಿದ ತಾಯಿ ಆಕೆ. ಅವನು ಹುಡುಗನಾಗಿದ್ದಾಗ ಪಕ್ಕದ ತೋಟದ ಹಣ್ಣು ಕದ್ದವನು. ದೀಕ್ಷಾಸ್ನಾನ ಪಡೆದದ್ದು 387ರಲ್ಲಿ, 32ನೇ ವಯಸ್ಸಿನಲ್ಲಿ. ನಮ್ಮವನು ಚರ್ಚ್ ಕಾಂಪೌಂಡಿನ ಪೇರಳೆ ಕಿತ್ತ ದೂರು ಬಂದಾಗ ನಾನು ಇದನ್ನೇ ಲೆಕ್ಕ ಹಾಕಿ ನೋಡಿದೆ. ಇನ್ನೂ ಬೇಕಾದಷ್ಟು ಟೈಮಿದೆ.

ಈ ಡಿಸೆಂಬರಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿಗೆ ಹುಲ್ಲು ಹಾಸಿ, ಕುರಿ, ದನ, ಕುರುಬರನ್ನು ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದರೆ, ಬಾಲಯೇಸುವನ್ನು ನೋಡಲು ಬರುವ ಮೂರು ರಾಯರ ಒಂಟೆಗಳ ಮುಂದೆ ಹಳದಿ ಜೆಸಿಬಿ. ಹಿಂದಿನ ವರ್ಷವಾಗಿದ್ದರೆ ಯಾರಾದರೂ ಬರುವ ಮೊದಲೇ ಎತ್ತಿಡುತ್ತಿದ್ದೆ. ಈ ಸಲ ಇರಲಿ ಅಂತ ಬಿಟ್ಟೆ. ಕ್ಯಾರಲ್ ತಂಡದ ಜೊತೆ ಬಂದ ಫಾದರ್ ಗೋದಲಿಯ ಮುಂದೆ ಬಗ್ಗಿ ತುಂಬಾ ಹೊತ್ತು ನೋಡಿದರು. ಹಿಂದೆಯೇ ಆ ಕೆಮ್ಮಿನ ಆಂಟಿ. ನಾನು ಕೇಕಿನ ತಟ್ಟೆ ಹಿಡಿದುಕೊಂಡು ಆರಾಮಾಗಿ ನಿಂತೆ.

“ಇದು ಯಾಕಪ್ಪ ಇಲ್ಲಿ?”

“ಮೂರು ರಾಯರು ಚಾರ್ಮಾಡಿ ಘಾಟಿ ಹತ್ತಿ ಬರ್ಬೇಕು ಫಾದರ್. ಗುಡ್ಡ ಕುಸಿದಿದೆ.”

“ಹೌದಾ? ಜನವರಿ ಆರಕ್ಕೆ ಅವರ ಹಬ್ಬ. ಅಷ್ಟರೊಳಗೆ ರಸ್ತೆ ರೆಡಿ ಆಗುತ್ತಾ?”

ಸಣ್ಣವನು ಅಪ್ಪನ ಮುಖ ನೋಡಿದ. ಆಮೇಲೆ ತಲೆ ಅಲ್ಲಾಡಿಸಿ, “ಕಷ್ಟ ಫಾದರ್” ಅಂದ. “ಇನ್ನೂ ಟೆಂಡರೇ ಆಗಿಲ್ಲ.”