ಟೇಪ್ ಡ್ರೈವಿಗೆ ಒಂದು ಹೆಸರು ಸಾಕಾಗಲ್ವಾ?

ಮಂಗಳೂರಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಅದಕ್ಕೆ ನನ್ನ ತಕರಾರಿಲ್ಲ. ತಲೆನೋವು ಶುರುವಾಗುವುದು ಕರೆಂಟ್ ಬಂದ ಮೇಲೆ. ಬಿಜೈಯ ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ಗೆ ಎರಡು ಎಲ್‌ಟಿಒ ಟೇಪ್ ಡ್ರೈವ್ ಇವೆ, ಅಂದರೆ ಬ್ಯಾಕಪ್ಪನ್ನು ಟೇಪಿಗೆ ಬರೆಯುವ ಯಂತ್ರಗಳು. ಲಿನಕ್ಸ್ ಅವಕ್ಕೆ ಇಡುವ ಹೆಸರು ಎಸ್‌ಟಿ0, ಎಸ್‌ಟಿ1. ಸರ್ವರ್ ಮತ್ತೆ ಎದ್ದಾಗ ಯಾವುದಕ್ಕೆ ಯಾವ ಹೆಸರು ಅಂತ ನಂಬುವ ಹಾಗಿಲ್ಲ. ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಸೊನ್ನೆ. ಜೋಡಿಸಿದ ಡ್ರೈವ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಎಸ್‌ಸಿಎಸ್‌ಐ ಕಮಾಂಡ್ ಓಡಿಸಿದರೆ ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್. ಸೀರಿಯಲ್ ನಂಬರ್ ಓದಲು ಟಾರ್ಚ್ ಹಿಡಿದು ರ‍್ಯಾಕಿನ ಹಿಂದೆ ಬಗ್ಗಬೇಕು. ಅಲ್ಲಿ ಸೆಕೆ ಬೇರೆ.

ಇನ್ನು ಆ 'ಎನ್' ಒಂದು. ಎಸ್‌ಟಿ0 ಅಂತ ಕೊಟ್ಟರೆ ಬರೆದು ಮುಗಿದ ಕೂಡಲೇ ಟೇಪ್ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಅಂತ ಕೊಟ್ಟರೆ ಇದ್ದಲ್ಲೇ ನಿಲ್ಲುತ್ತದೆ. 'ಎನ್' ಬಿಟ್ಟುಹೋದರೆ ಎರಡನೇ ಬ್ಯಾಕಪ್ ಮೊದಲನೆಯದರ ಮೇಲೇ ಕೂರುತ್ತದೆ. ಎಚ್ಚರಿಕೆ ಗಿಚ್ಚರಿಕೆ ಏನೂ ಇಲ್ಲ! ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಹೆಸರೂ ಬೇರೆ. ಫ್ರೀಬಿಎಸ್‌ಡಿಯಲ್ಲಿ ಇದೇ ಎನ್‌ಎಸ್‌ಎ0. ಸೊಲಾರಿಸ್‌ನಲ್ಲಿ 'ಎನ್' ಕೊನೆಗೆ. ಎಐಎಕ್ಸ್‌ನಲ್ಲಿ 'ಎನ್' ಕೂಡ ಇಲ್ಲ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಒಂದು ಅಂಕಿ, '.1'. ಒಂದೇ ಬಂಗುಡೆ ಮೀನಿಗೆ ದಕ್ಕೆಗೊಂದು (ಮೀನು ಇಳಿಸುವ ಬಂದರಿಗೊಂದು) ಹೆಸರಿಟ್ಟ ಹಾಗೆ.

ಪರಿಹಾರ ಇಲ್ಲ ಅಂತಲ್ಲ. ಲಿನಕ್ಸಿನಲ್ಲಿ ಸಾಧನಗಳ ಹೆಸರು ಇರುವ ಡೆವ್ ಫೋಲ್ಡರ್ ಒಳಗೆ ಟೇಪ್, ಅದರೊಳಗೆ ಬೈ-ಐಡಿ ಅಂತ ಫೋಲ್ಡರ್ ಇದೆ. ಅಲ್ಲಿನ ಹೆಸರು ಡ್ರೈವಿನ ಗುರುತಿಗೇ ಅಂಟಿಕೊಂಡಿರುತ್ತದೆ, ರೀಬೂಟ್ ಆದರೂ ಬದಲಾಗುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಅದನ್ನೇ ಹಾಕೋಣ ಅಂದರೆ, ಆಫೀಸಿನವರು "ಸುಮ್ನೆ ಯಾಕೆ ಮುಟ್ಟುವುದು, ಓಡ್ತಾ ಇದೆಯಲ್ಲ ಮಾರಾಯ್ರೆ" ಅನ್ನುತ್ತಾರೆ. ಓಡ್ತಾ ಇದೆ, ಸರಿ. ಯಾವ ಡ್ರೈವಿನಲ್ಲಿ?